ಒಂದೇ ಅಂಗಳದಲ್ಲಿ ಎರಡು ತಳಿಯ ನಾಯಿಗಳು



ನಾಯಿ ಸಾಕಬೇಕೆಂಬ ಆಸೆ ನಿಮ್ಮಲ್ಲಿ ಬಹಳ ಮಂದಿಗೆ ಇರುತ್ತದೆ. ಈಗಾಗಲೇ ಒಂದು ನಾಯಿಯಿರುವ ಮನೆಯ ಮಕ್ಕಳಿಗೆ ಅದಕ್ಕೊಂದು ಜೊತೆ ತರಬೇಕೆಂಬ ಆಸೆ. ಹಾಗೆ ಬರುವ ಎರಡನೆಯ ನಾಯಿ ಮೊದಲನೆಯದರ ತಳಿಯದೇ ಆಗಿರುವುದು ಕಡಿಮೆ. ಹೊಲದ ಕಾವಲಿಗೆಂದು ತಂದ ಮುಧೋಳ ನಾಯಿ ಇರುವ ಮನೆಗೆ ನೆಂಟರು ಲ್ಯಾಬ್ರಡಾರ್ ಮರಿಯೊಂದನ್ನು ತಂದುಕೊಡುತ್ತಾರೆ. ಬಿಳಿಯ ಸ್ಪಿಟ್ಜ್ ನಾಯಿ ಮೆರೆಯುತ್ತಿರುವ ಮನೆಯ ಗೇಟಿನೊಳಗೆ ಮಳೆಗಾಲದ ರಾತ್ರಿ ಬೀದಿಯ ಮರಿಯೊಂದು ನುಸುಳುತ್ತದೆ. ಆಗ ಅಜ್ಜಿಯೋ ಅಮ್ಮನೋ ಕೇಳುವ ಪ್ರಶ್ನೆ ಒಂದೇ: "ಅದಕ್ಕೂ ಇದಕ್ಕೂ ಹೊಂದಿಕೆ ಆದೀತೆ?"

ಇದು ಹಗುರವಾಗಿ ತೆಗೆದುಕೊಳ್ಳುವ ಪ್ರಶ್ನೆಯಲ್ಲ. ಎರಡು ನಾಯಿಗಳಿಗೆ ಹೊಂದಿಕೆ ಆಗದ ಮನೆಯಲ್ಲಿ ಕೊನೆಗೆ ನಡೆಯುವುದೇನು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಒಂದು ದಿನ ಎರಡರಲ್ಲೊಂದು ಮನೆಯಿಂದ ಹೊರಬೀಳುತ್ತದೆ. ಕೊರಳಪಟ್ಟಿ ಕಟ್ಟಿದ್ದ ಗುರುತು ಇನ್ನೂ ಮಾಸದ ನಾಯಿಯೊಂದು ಬಸ್ ನಿಲ್ದಾಣದ ಬಳಿಯೋ ಹೆದ್ದಾರಿಯ ಢಾಬಾದ ಹಿಂದೆಯೋ ಅಲೆಯುತ್ತಿರುತ್ತದೆ. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಬೀದಿಯ ರೀತಿನೀತಿ ಗೊತ್ತು. ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ನಾಯಿಗೆ ಲಾರಿಯೂ ಗೊತ್ತಿಲ್ಲ, ಎದುರು ಗಲ್ಲಿಯ ನಾಯಿಗಳ ಗಡಿಯೂ ಗೊತ್ತಿಲ್ಲ. ಆದ್ದರಿಂದ ಎರಡನೆಯ ಮರಿ ಮನೆಗೆ ಬರುವ ಮೊದಲೇ ಈ ಪ್ರಶ್ನೆಯನ್ನು ಸ್ವಲ್ಪ ಕೂಲಂಕಷವಾಗಿ ನೋಡುವುದು ಒಳ್ಳೆಯದು.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ "ಜಾತಿ ನಾಯಿ" ಎಂಬ ಪ್ರಯೋಗವಿದೆ. ಹಣ ಕೊಟ್ಟು ತಂದದ್ದು ಜಾತಿ ನಾಯಿ, ಬೀದಿಯದು ಕಂತ್ರಿ ನಾಯಿ. ಮನುಷ್ಯರ ನಡುವೆ ಗೋಡೆ ಕಟ್ಟಿದ ಪದವನ್ನೇ ನಾಯಿಗಳಿಗೂ ಅಂಟಿಸಿ ಕೈತೊಳೆದುಕೊಂಡಿದ್ದೇವೆ! ಇದರಿಂದ ಆಗಿರುವ ತೊಂದರೆಯೆಂದರೆ, ಬೇರೆ ಬೇರೆ ತಳಿಯ ನಾಯಿಗಳೆಂದರೆ ಬೇರೆ ಬೇರೆ ಪ್ರಾಣಿಗಳೇ ಎಂಬ ಭಾವನೆ ನಮಗೆ ತಿಳಿಯದಂತೆ ಬೇರೂರಿಬಿಟ್ಟಿದೆ. ಜೀವಶಾಸ್ತ್ರ ಹೇಳುವುದು ಬೇರೆ. ಮೊಣಕಾಲೆತ್ತರವೂ ಇಲ್ಲದ ಡ್ಯಾಶ್‌ಹಂಡ್, ಸೊಂಟಕ್ಕೂ ಮೀರಿ ನಿಲ್ಲುವ ಗ್ರೇಟ್ ಡೇನ್, ನಮ್ಮ ಓಣಿಯ ಕಂದು ನಾಯಿ, ಇವೆಲ್ಲವೂ ಒಂದೇ ಪ್ರಭೇದ. ಎಲ್ಲದರ ಪೂರ್ವಜ ತೋಳ. ನಾಯಿ ಮನುಷ್ಯನ ಜೊತೆಗೂಡಿ ಕನಿಷ್ಠ 14,000 ವರ್ಷಗಳಾದವು. ಆದರೆ ಅಚ್ಚುಕಟ್ಟಾದ ಅಳತೆ, ಬಣ್ಣ, ವಂಶಾವಳಿಯ ಕಾಗದ ಇರುವ ಇಂದಿನ ತಳಿಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ರೂಪುಗೊಂಡವು. ಲಂಡನ್ನಿನ ಕೆನಲ್ ಕ್ಲಬ್ ಸ್ಥಾಪನೆಯಾದದ್ದು 1873ರಲ್ಲಿ. ಹದಿನಾಲ್ಕು ಸಾವಿರ ವರ್ಷಗಳ ಬಾಳಿನಲ್ಲಿ ನೂರೈವತ್ತು ವರ್ಷಗಳು ಎಷ್ಟರವು?

ಹಾಗಾದರೆ ನಾಯಿಗೆ ತನಗಿಂತ ಭಿನ್ನವಾಗಿ ಕಾಣುವ ಇನ್ನೊಂದು ನಾಯಿ "ನಾಯಿ" ಎಂದು ತಿಳಿಯುತ್ತದೆಯೇ? ಇದನ್ನು ಫ್ರಾನ್ಸಿನ ವಿಜ್ಞಾನಿಗಳು ಪರೀಕ್ಷಿಸಿ ನೋಡಿ 2013ರಲ್ಲಿ ಪ್ರಕಟಿಸಿದ್ದಾರೆ. ಒಂಬತ್ತು ಸಾಕು ನಾಯಿಗಳ ಮುಂದೆ ಪರದೆಯ ಮೇಲೆ ಎರಡೆರಡು ಮುಖಗಳ ಚಿತ್ರ ತೋರಿಸಿದರು. ಒಂದು ಯಾವುದೋ ತಳಿಯ ನಾಯಿಯದು. ಇನ್ನೊಂದು ಬೆಕ್ಕು, ದನ, ಮನುಷ್ಯ ಮುಂತಾದ ಬೇರೆ ಜೀವಿಯದು. ನಾಯಿಗಳ ಚಿತ್ರಗಳಲ್ಲಿ ಉದ್ದ ಮೂತಿ, ಚಪ್ಪಟೆ ಮೂತಿ, ಜೋಲುಕಿವಿ, ನೆಟ್ಟಗಿನ ಕಿವಿ ಎಲ್ಲವೂ ಇದ್ದವು. ವಾಸನೆಯಿಲ್ಲ, ಸದ್ದಿಲ್ಲ, ಅಲುಗಾಟವೂ ಇಲ್ಲ. ಆದರೂ ಒಂಬತ್ತು ನಾಯಿಗಳೂ ನಾಯಿಯ ಮುಖಗಳನ್ನು ಒಂದು ಗುಂಪಾಗಿ ಗುರುತಿಸುವುದನ್ನು ಕಲಿತವು. ಎಂದಮೇಲೆ, ತಳಿ ಬೇರೆ ಎಂಬ ಒಂದೇ ಕಾರಣಕ್ಕೆ ಎರಡು ನಾಯಿಗಳು ಪರಸ್ಪರ ಅಪರಿಚಿತ ಪ್ರಾಣಿಗಳಾಗುವುದಿಲ್ಲ.

ಸ್ವಭಾವದ ವಿಷಯವೇನು? "ಆ ತಳಿ ಸಿಡುಕು, ಈ ತಳಿ ಸಾಧು" ಎಂದು ನಾವು ಧಾರಾಳವಾಗಿ ಹೇಳಿಬಿಡುತ್ತೇವೆ. 2022ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರನ್ನು ಪ್ರಶ್ನಿಸಿ, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಆನುವಂಶಿಕ ಧಾತುವನ್ನು ಓದಿ ನೋಡಿದ್ದರು. ನಾಯಿ ನಾಯಿಯ ನಡುವಣ ಸ್ವಭಾವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸರಾಸರಿ ಶೇಕಡ 9ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಉಳಿದದ್ದರಲ್ಲಿ ಆಯಾ ನಾಯಿಯ ಹುಟ್ಟು, ಬೆಳೆದ ರೀತಿ, ವಯಸ್ಸು, ಅನುಭವ ಎಲ್ಲವೂ ಸೇರಿವೆ. ಎಂದರೆ, ಲ್ಯಾಬ್ರಡಾರ್ ತಂದೆವೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ, ಬೇಟೆನಾಯಿ ಎಂದು ಹೆದರಿ ದೂರ ಸರಿಯಬೇಕಾಗಿಯೂ ಇಲ್ಲ. ನಿಮ್ಮ ಎದುರಿಗೆ ನಿಂತಿರುವ ಆ ಒಂದು ನಾಯಿಯನ್ನು ನೋಡಬೇಕು.

ಹಾಗೆಂದು ತಳಿಗೆ ಏನೂ ಅರ್ಥವಿಲ್ಲ ಎಂದರೆ ಅದೂ ತಪ್ಪಾದೀತು. ತಳಿಯೆಂದರೆ ಮುಖ್ಯವಾಗಿ ಒಂದು ಕಸುಬಿನ ನೆನಪು. ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ನಾಯಿಯನ್ನು ಅಲ್ಲಿನ ಘೋರ್ಪಡೆ ಅರಸರು ಆದರಿಸಿ ಬೆಳೆಸಿದರು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಉದ್ದ ಮೂತಿ, ಬಳುಕುವ ನಡು, ಆಳವಾದ ಎದೆಗೂಡು, ಭುಜದವರೆಗೆ ಸುಮಾರು 70 ಸೆಂಟಿಮೀಟರ್ ಎತ್ತರ. ಇದು ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದ ಬದುವಿನಲ್ಲಿ ಮೊಲವೊಂದು ಜಿಗಿದರೆ ಸಾಕು, ಇದರ ಕಾಲುಗಳು ಮನಸ್ಸಿಗಿಂತ ಮೊದಲೇ ಓಡಿರುತ್ತವೆ.

ಬೇಟೆನಾಯಿಯ ಮೇಲೆ ಕನ್ನಡಿಗರಿಗೆ ಇದ್ದ ಅಭಿಮಾನ ನಿನ್ನೆ ಮೊನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೀವು ಇತಿಹಾಸದ ಪಾಠದಲ್ಲಿ ಕೇಳಿರಬಹುದು. ಕ್ರಿ.ಶ. 949-50ರ ಆ ವೀರಗಲ್ಲು ನಿಂತಿರುವುದು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಬಹುಮಾನವಾಗಿ ಕೇಳಿ ಪಡೆದದ್ದು ಈ ನಾಯಿಯನ್ನು. ಅದು ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಕಾಳಿಯ ತಳಿ ಯಾವುದು ಎಂದು ಶಾಸನ ಹೇಳುವುದಿಲ್ಲ. ಅದರ ಎದೆಗಾರಿಕೆಯನ್ನು ಹೇಳುತ್ತದೆ. ಇಂಥ ನಾಯಿಗಳ ಮುಂದೆ ಓಡುವ ಯಾವುದೇ ಸಣ್ಣ ಪ್ರಾಣಿ ಬೇಟೆಯಂತೆಯೇ ಕಾಣುತ್ತದೆ ಎಂಬುದನ್ನು ಇಲ್ಲಿ ನೆನಪಿಡಿ. ಇದರ ಕಡೆಗೆ ಮತ್ತೆ ಬರುತ್ತೇನೆ.

ಈಗ ಲ್ಯಾಬ್ರಡಾರ್. ಇದರ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳು. ತಣ್ಣೀರಿಗೆ ಧುಮುಕಿ ಬಲೆಯನ್ನೋ ಮೀನನ್ನೋ ಎಳೆದು ತರುವ ಕೆಲಸ. ಆಮೇಲೆ ಬ್ರಿಟನ್ನಿನಲ್ಲಿ, ಗುಂಡಿಗೆ ಬಿದ್ದ ಹಕ್ಕಿಯನ್ನು ಹಲ್ಲು ಊರದಂತೆ ಬಾಯಲ್ಲಿ ಕಚ್ಚಿ ತಂದೊಪ್ಪಿಸುವ ನಾಯಿಯಾಗಿ ಇದನ್ನು ತಿದ್ದಿದರು. ದಪ್ಪ ಮೈ, ಎರಡು ಪದರದ ಕೂದಲು, ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ತಿರುಗುವ ಅಭ್ಯಾಸ. ಆಟದಲ್ಲಿ ಇದು ಎದೆಯಿಂದ ಗುದ್ದುತ್ತದೆ, ಮೇಲೆ ಬೀಳುತ್ತದೆ, ಕಾಲಿನಿಂದ ತಟ್ಟುತ್ತದೆ. ಮುಧೋಳ ನಾಯಿಗೆ ಆಟವೆಂದರೆ ಓಟ. ಅಟ್ಟಿಸಿಕೊಂಡು ಹೋಗುವುದು, ಅಟ್ಟಿಸಿಕೊಳ್ಳುವುದು, ಮೈಗೆ ಮೈ ತಾಗಿಸದೆ ಸುತ್ತುವುದು. ಅಪರಿಚಿತರು ಮೈಮುಟ್ಟಿದರೂ ಸಹಿಸದ ನಾಯಿಯ ಮೇಲೆ ಲ್ಯಾಬ್ರಡಾರ್ ಮರಿ ದಿನಕ್ಕೆ ನಲವತ್ತು ಸಲ ಹಾರಿ ಬಿದ್ದರೆ ಏನಾದೀತು, ನೀವೇ ಊಹಿಸಿ. ಇಲ್ಲಿ ದ್ವೇಷವೇನೂ ಇಲ್ಲ. ಒಂದು ಕಬಡ್ಡಿ ಆಡಲು ಬಂದಿದೆ, ಇನ್ನೊಂದು ಓಟದ ಪಂದ್ಯಕ್ಕೆ.

ಈ ಎರಡೂ ಒಂದು ಅಂಗಳದಲ್ಲಿ ಬಾಳಲು ಬೇಕಾದದ್ದು ಭಾಷೆ. ನಾಯಿಗಳ ಭಾಷೆ ಮೈಯ ಭಾಷೆ. ಆಟಕ್ಕೆ ಕರೆಯುವ ನಾಯಿ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಎತ್ತಿ, ಬಾಲ ಆಡಿಸುತ್ತದೆ. ನಮ್ಮ ಹಳ್ಳಿಯ ನಾಯಿಯೂ ಹೀಗೆಯೇ ಕರೆಯುತ್ತದೆ, ವಿಲಾಯಿತಿಯ ನಾಯಿಯೂ ಹೀಗೆಯೇ. ಅಮೆರಿಕದ ಪ್ರಾಣಿವರ್ತನೆಯ ವಿಜ್ಞಾನಿ ಮಾರ್ಕ್ ಬೆಕಾಫ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೊಗಸಾದ ಸಂಗತಿಯಿದೆ. ಆಟದ ನಡುವೆ ಕಚ್ಚಿ ತಲೆ ಅಲ್ಲಾಡಿಸುವಂತಹ, ಜಗಳವೆಂದು ತಪ್ಪು ತಿಳಿಯಬಹುದಾದ ವರ್ತನೆಯ ಹಿಂದೆಯೋ ಮುಂದೆಯೋ ನಾಯಿಗಳು ಈ ನಮಸ್ಕಾರವನ್ನು ಮತ್ತೆ ಮಾಡುತ್ತವೆ. "ಇದು ಆಟ, ತಪ್ಪು ತಿಳಿಯಬೇಡ" ಎಂದು ಹೇಳಿದಂತೆ. ಬರವಣಿಗೆಯಲ್ಲಿ ನಾವು ಅಲ್ಪವಿರಾಮ, ಪೂರ್ಣವಿರಾಮ ಹಾಕುವ ಹಾಗೆ.

ಬೇಡವೆನ್ನುವುದಕ್ಕೂ ಭಾಷೆಯಿದೆ. ಮುಖ ಪಕ್ಕಕ್ಕೆ ತಿರುಗಿಸುವುದು, ನಾಲಿಗೆಯಿಂದ ಮೂಗು ಸವರಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮೈ ಬಿಗಿಹಿಡಿದು ಕಲ್ಲಾಗುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು. ಇಷ್ಟಕ್ಕೂ ಎದುರಿನ ನಾಯಿ ಕೇಳದಿದ್ದರೆ ಗುರ್ ಎನ್ನುವುದು. ಗುರ್ ಎಂದ ನಾಯಿಗೆ ಹೊಡೆಯುವ ಮನೆಗಳು ಬಹಳ. ಇದು ಸರಿಯಲ್ಲ. ಗುರುಗುಟ್ಟುವುದು ಕಚ್ಚುವುದಕ್ಕೆ ಮುಂಚಿನ ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ನಾಯಿ ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಹಾರನ್ ಕಿತ್ತುಹಾಕಿದ ಲಾರಿ ಇದ್ದ ಹಾಗೆ.

ತಳಿಗಳ ವ್ಯತ್ಯಾಸ ನಿಜವಾಗಿ ತೊಡಕಾಗುವುದು ಈ ಭಾಷೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಬ್ರಿಟನ್ನಿನ ವಿಜ್ಞಾನಿಗಳು 1997ರಲ್ಲಿ ಹತ್ತು ತಳಿಗಳನ್ನು ಹೋಲಿಸಿ ನೋಡಿದರು. ತೋಳಗಳು ಪರಸ್ಪರ ಬೆದರಿಸಲು, ಶರಣಾಗಲು ಬಳಸುವ ಹದಿನೈದು ಮೈಸನ್ನೆಗಳಲ್ಲಿ ಯಾವ ತಳಿಯಲ್ಲಿ ಎಷ್ಟು ಉಳಿದಿವೆ ಎಂಬುದು ಪ್ರಶ್ನೆ. ಸೈಬೀರಿಯನ್ ಹಸ್ಕಿಯಲ್ಲಿ ಹದಿನೈದೂ ಕಂಡವು. ಮುದ್ದಿಗಾಗಿಯೇ ಬೆಳೆಸಿದ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ನಲ್ಲಿ ಕಂಡದ್ದು ಎರಡೇ. ರೂಪ ತೋಳದಿಂದ ದೂರ ಸರಿದಷ್ಟೂ ಸನ್ನೆಗಳು ಕಡಿಮೆಯಾಗಿದ್ದವು. ಇದಲ್ಲದೆ ಮನುಷ್ಯನ ಕೈವಾಡವೂ ಇದೆ. ಬಾಲ ಕತ್ತರಿಸಿದ ನಾಯಿ ಬಾಲದಿಂದ ಹೇಳುವುದೇನು? ಮುಖದ ತುಂಬ ಕೂದಲು ಇಳಿಬಿದ್ದ ನಾಯಿಯ ಕಣ್ಣಿನ ಮಾತು ಯಾರಿಗೆ ಕಂಡೀತು? ಚಪ್ಪಟೆ ಮೂತಿಯ ಪಗ್ ಉಸಿರಾಡುವಾಗಲೇ ಗೊರಗೊರ ಎನ್ನುತ್ತದೆ. ಅದನ್ನು ಮೊದಲ ಸಲ ಕೇಳಿದ ನಾಯಿ ಗುರುಗುಟ್ಟುತ್ತಿದೆಯೆಂದು ತಿಳಿದರೆ ತಪ್ಪು ಯಾರದು? ಆದರೆ ಒಂದು ಸಮಾಧಾನವಿದೆ. ದಿನವೂ ಕೇಳುವ ಪರಭಾಷೆ ನಮಗೆ ಅರ್ಥವಾಗತೊಡಗುವಂತೆ, ಜೊತೆಯಲ್ಲಿ ಬಾಳುವ ನಾಯಿಗಳು ಇನ್ನೊಂದರ ಕೊರತೆಯ ಭಾಷೆಯನ್ನೂ ಓದಲು ಕಲಿಯುತ್ತವೆ. ಅದಕ್ಕೆ ಕಾಲಾವಕಾಶ ಬೇಕು.

ಕಲಿಯುವುದಕ್ಕೆ ಅತ್ಯಂತ ಒಳ್ಳೆಯ ಕಾಲ ಎಳೆತನ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಒಂದೇ ಬಗೆಯಲ್ಲಿ ಸಾಕಿ ಅಭ್ಯಾಸ ಮಾಡಿ 1965ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಪರಿಚಯವಾದ ಜೀವಿಗಳನ್ನು ಅದು ತನ್ನವರೆಂದು ಒಪ್ಪಿಕೊಳ್ಳುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಆ ಅವಧಿಯಲ್ಲಿ ನಾಲ್ಕಾರು ಆಕಾರದ ನಾಯಿಗಳನ್ನು ಕಂಡ ಮರಿಗೆ ಮುಂದೆ ಯಾವ ತಳಿಯೂ ವಿಚಿತ್ರವಾಗಿ ತೋರುವುದಿಲ್ಲ. ಆದರೆ ಇದೇ ಕಾರಣಕ್ಕಾಗಿ ಮರಿಯನ್ನು ತಾಯಿಯಿಂದ ತೀರ ಬೇಗ ಬಿಡಿಸಲೂಬಾರದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠ ಒಡಹುಟ್ಟಿದವರ ಜೊತೆಯಲ್ಲೇ ಆಗಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮವಿದೆ. ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ, ಕಣ್ಣು ಬಿಟ್ಟು ಹತ್ತು ದಿನವಾದ ಮರಿಯನ್ನು ಕಂಡು ಮನಸ್ಸು ಕರಗುವುದು ಸಹಜ. ಆದರೂ ಕೊಳ್ಳಬೇಡಿ.

ಸರಿ, ಹೊಸ ನಾಯಿ ಬಂತು. ಮೊದಲ ಭೇಟಿ ಎಲ್ಲಿ ಮಾಡಿಸಬೇಕು? ಬಹುತೇಕ ಮಂದಿ ಮಾಡುವುದೇನೆಂದರೆ, ಮರಿಯನ್ನು ಆಟೋದಿಂದ ಇಳಿಸಿ ನೇರವಾಗಿ ಹಳೆಯ ನಾಯಿಯ ಮೂಗಿನ ಮುಂದೆ ಹಿಡಿಯುವುದು. ಅದೂ ಮನೆಯ ಬಾಗಿಲಲ್ಲೇ, ಗೇಟಿನ ಎರಡು ಬದಿಯಲ್ಲಿ. ಗಡಿ ಎನ್ನುವುದು ನಾಯಿಯ ಮನಸ್ಸನ್ನು ಹೇಗೆ ಆಳುತ್ತದೆ ಎಂಬುದಕ್ಕೆ ಕೊನ್ರಾಡ್ ಲೊರೆನ್ಜ್ ಹೇಳಿದ ಒಂದು ಪ್ರಸಂಗ ಕೇಳಿ. ಇವರು ಆಸ್ಟ್ರಿಯಾದ ವಿಜ್ಞಾನಿ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಡನೆ ಹಂಚಿಕೊಂಡವರು. ಅವರಲ್ಲಿ ಬುಲ್ಲಿ ಎಂಬ ಬುಲ್‌ಡಾಗ್ ಇತ್ತು. ದಾರಿಯಲ್ಲಿ ಒಂದು ತೋಟದ ಬೇಲಿ. ಬೇಲಿಯೊಳಗೆ ಒಂದು ಬಿಳಿಯ ಸ್ಪಿಟ್ಜ್. ಬುಲ್ಲಿ ಆ ದಾರಿಯಲ್ಲಿ ಬಂದಾಗಲೆಲ್ಲ ಎರಡೂ ಬೇಲಿಯ ಆಚೆ ಈಚೆ ಸಮಸಮವಾಗಿ ಓಡುತ್ತ, ಒಂದನ್ನೊಂದು ಸಿಗಿದುಹಾಕುವಂತೆ ಬೊಗಳುತ್ತಿದ್ದವು. ಒಂದು ದಿನ ದುರಸ್ತಿಗಾಗಿ ಬೇಲಿಯ ಅರ್ಧಭಾಗವನ್ನು ತೆಗೆದಿದ್ದರು. ನಾಯಿಗಳಿಗೆ ಅದು ಗೊತ್ತಿಲ್ಲ. ಎಂದಿನಂತೆ ಬೊಗಳುತ್ತ ಓಡಿ ಬಂದವು; ಬೇಲಿ ಮುಗಿಯಿತು; ನೋಡಿದರೆ ನಡುವೆ ಏನೂ ಇಲ್ಲ! ಎರಡೂ ಕೂದಲು ನಿಮಿರಿಸಿಕೊಂಡು ಕಕ್ಕಾಬಿಕ್ಕಿಯಾಗಿ ನಿಂತವು. ಬೊಗಳುವಿಕೆ ನಿಂತುಹೋಯಿತು. ಮರುಕ್ಷಣ ಎರಡೂ ಒಟ್ಟಿಗೆ ತಿರುಗಿ, ಬೇಲಿ ಇದ್ದ ಕಡೆಗೆ ಓಡಿಹೋಗಿ, ಅಲ್ಲಿ ಮತ್ತೆ ಏನೂ ಆಗದವರಂತೆ ಬೊಗಳತೊಡಗಿದವು.

ನಗು ಬರುತ್ತದೆ, ಅಲ್ಲವೇ? ಆದರೆ ಗೇಟು, ಬಾಗಿಲು, ಬಿಗಿಹಿಡಿದ ಸರಪಳಿ ಇವೇ ಎಷ್ಟೋ ಸಲ ಜಗಳವನ್ನು ಹುಟ್ಟಿಸುತ್ತವೆ ಎಂಬುದು ಇದರಲ್ಲಿದೆ. ಆದ್ದರಿಂದ ಮೊದಲ ಭೇಟಿ ಎರಡಕ್ಕೂ ಸೇರದ ಜಾಗದಲ್ಲಿ ಆಗಲಿ. ಕೆರೆಯ ಏರಿಯೋ, ಬಿಡುವಿನ ದಿನದ ಆಟದ ಮೈದಾನವೋ ಸಾಕು. ಇಬ್ಬರು ಒಂದೊಂದು ನಾಯಿಯನ್ನು ಹಿಡಿದುಕೊಂಡು, ಹತ್ತು ಹದಿನೈದು ಅಡಿ ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ಹಗ್ಗ ಸಡಿಲವಾಗಿರಲಿ. ಎದುರುಬದುರು ನಿಲ್ಲಿಸಬೇಡಿ, ನಾಯಿಗಳ ಲೋಕದಲ್ಲಿ ಮುಖಾಮುಖಿ ದಿಟ್ಟಿಸುವುದು ಸವಾಲು. ಕಾಲು ಗಂಟೆ ನಡೆದ ಮೇಲೆ ಅಂತರ ತಾನಾಗಿ ಕಡಿಮೆಯಾಗುತ್ತ ಬರುತ್ತದೆ. ಕಮಾನಿನಂತೆ ಸುತ್ತಿ ಬಂದು ಹಿಂಭಾಗ ಮೂಸಿದವೆಂದರೆ ಹೆಸರು, ಊರು, ಆರೋಗ್ಯ ಎಲ್ಲ ವಿಚಾರಿಸಿಕೊಂಡವೆಂದು ತಿಳಿಯಿರಿ. ಇದಕ್ಕೂ ಎರಡು ದಿನ ಮೊದಲೇ ಹೊಸ ನಾಯಿ ಮಲಗಿದ ಗೋಣಿತಟ್ಟನ್ನೋ ಹಳೆಯ ಸೀರೆಯ ತುಂಡನ್ನೋ ತಂದು ಮನೆಯ ನಾಯಿಗೆ ಮೂಸಲು ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಲಸಿಕೆ ಪೂರ್ತಿಯಾಗದ ಮರಿಯನ್ನು ಮಾತ್ರ ಬೀದಿನಾಯಿಗಳು ತಿರುಗುವ ನೆಲದಲ್ಲಿ ಬಿಡಬೇಡಿ, ಎತ್ತಿಕೊಂಡೇ ತೋರಿಸಿ. ಪಾರ್ವೊ, ಡಿಸ್ಟೆಂಪರ್ ಎಂಬ ಎರಡು ಕಾಯಿಲೆಗಳು ಮರಿಗಳ ಪಾಲಿನ ಯಮ.

ಮನೆಯೊಳಗೆ ಜಗಳ ಹುಟ್ಟುವುದು ಸಾಮಾನ್ಯವಾಗಿ ಯಾವುದರಿಂದ? ಊಟದಿಂದ, ಮಲಗುವ ಜಾಗದಿಂದ, ಮೂಳೆಯಿಂದ, ಮತ್ತು ನಿಮ್ಮಿಂದ. ಊಟದ ವಿಷಯದಲ್ಲಿ ತಳಿಯ ಸಂಗತಿಯೊಂದು ನೇರವಾಗಿ ಅಡ್ಡ ಬರುತ್ತದೆ. ಲ್ಯಾಬ್ರಡಾರ್ ಎಷ್ಟು ತಿಂದರೂ ತೃಪ್ತಿಯಿಲ್ಲದ ನಾಯಿ ಎಂದು ಸಾಕಿದವರೆಲ್ಲ ಹೇಳುತ್ತಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಇದಕ್ಕೊಂದು ಕಾರಣ ಪತ್ತೆಹಚ್ಚಿದರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗದಲ್ಲಿ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ವ್ಯವಸ್ಥೆಗೆ ಸಂಬಂಧಿಸಿದ ಒಂದು ಜೀನ್‌ನ ತುಣುಕು ಕಳೆದುಹೋಗಿತ್ತು. ಅದು ಹೊಟ್ಟೆಬಾಕತನವಲ್ಲ, ನಿಜವಾದ ಹಸಿವು. ಇತ್ತ ಮುಧೋಳ ನಾಯಿ ಹದವಾಗಿ ತಿಂದು, ಅರ್ಧ ಬಿಟ್ಟು ಎದ್ದುಹೋಗುವುದೂ ಉಂಟು. ಒಂದೇ ತಟ್ಟೆಯಲ್ಲಿ, ಅಥವಾ ಅಕ್ಕಪಕ್ಕದ ತಟ್ಟೆಗಳಲ್ಲಿ ಹಾಕಿದರೆ ಒಂದು ಬಡಕಲಾಗುತ್ತದೆ, ಇನ್ನೊಂದು ಡೋಲಿನಂತಾಗುತ್ತದೆ; ನಡುವೆ ಒಂದು ದಿನ ರಕ್ತ ಬರುತ್ತದೆ. ಒಂದಕ್ಕೆ ಹಿತ್ತಿಲಿನಲ್ಲಿ, ಒಂದಕ್ಕೆ ಜಗುಲಿಯಲ್ಲಿ, ನಡುವೆ ಬಾಗಿಲು ಹಾಕಿ ಊಟ ಕೊಡಿ. ತಿಂದಾದ ಮೇಲೆ ತಟ್ಟೆಗಳನ್ನು ಎತ್ತಿಡಿ. ಖರ್ಚಿಲ್ಲದ ಕೆಲಸ, ಆದರೆ ಅರ್ಧ ಜಗಳಗಳು ಇಲ್ಲಿಯೇ ತಪ್ಪುತ್ತವೆ.

ಬಾಗಲಕೋಟೆ, ಕಲಬುರಗಿಯ ಬಿಸಿಲೂ ಎರಡಕ್ಕೆ ಒಂದೇ ಅಲ್ಲ. ತೆಳುಗೂದಲಿನ ಮುಧೋಳ ನಾಯಿ ತಡೆದುಕೊಳ್ಳುವ ಹೊತ್ತಿನಲ್ಲಿ ಲ್ಯಾಬ್ರಡಾರ್ ತೇಗುಸಿರು ಬಿಡುತ್ತ ಬಿದ್ದುಕೊಳ್ಳುತ್ತದೆ. ಬಿಸಿಲಿಗೆ ಬೆಂದ ನಾಯಿಗೆ ತಾಳ್ಮೆಯೂ ಕಡಿಮೆ. ಬೇಸಗೆಯಲ್ಲಿ ಇಬ್ಬರನ್ನೂ ಬೆಳಗಿನ ಜಾವ, ಸಂಜೆ ಮಾತ್ರ ಓಡಾಡಿಸಿ.

"ಮನೆಯಲ್ಲಿ ಒಂದು ನಾಯಿ ಯಜಮಾನನಾಗಬೇಕು, ಇನ್ನೊಂದು ಅಡಿಯಾಳಾಗಬೇಕು, ಅದನ್ನು ಹೊಡೆದಾಡಿಯೇ ತೀರ್ಮಾನಿಸಿಕೊಳ್ಳಲಿ" ಎಂದು ಹೇಳುವವರಿದ್ದಾರೆ. ಈ ಮಾತಿನ ಮೂಲ 1947ರಲ್ಲಿ ರುಡಾಲ್ಫ್ ಷೆಂಕೆಲ್ ಪ್ರಕಟಿಸಿದ, ಕೂಡಿಹಾಕಿದ ತೋಳಗಳ ಅಧ್ಯಯನ. ಡೇವಿಡ್ ಮೆಕ್ ಎಂಬ ಅಮೆರಿಕದ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಹಿಂಡೆಂದರೆ ತಂದೆ, ತಾಯಿ, ಮಕ್ಕಳ ಸಂಸಾರ. ಅಲ್ಲಿ ಹಿರಿತನ ಹೊಡೆದಾಟದಿಂದ ಬಂದದ್ದಲ್ಲ. ಆದರೂ ಹಳೆಯ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಹೊಡೆದಾಡಿದ ನಾಯಿಗಳು ಅದರಿಂದ ಕಲಿಯುವುದು ಇನ್ನೊಂದು ಹೊಡೆದಾಟವನ್ನು.

ತಳಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಲಿಂಗ ಮತ್ತು ವಯಸ್ಸು. ಒಂದೇ ಮನೆಯ ನಾಯಿಗಳ ನಡುವಣ ತೀವ್ರ ಜಗಳದ 38 ಜೋಡಿಗಳನ್ನು ಅಮೆರಿಕದ ಪಶುವೈದ್ಯರು ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಬಹುಪಾಲು ಜೋಡಿಗಳು ಒಂದೇ ಲಿಂಗದವು; ಅದರಲ್ಲಿ ಹೆಣ್ಣುನಾಯಿಗಳು ಹೆಚ್ಚು. ಜಗಳ ತೆಗೆಯುವುದು ಹೆಚ್ಚಾಗಿ ಎಳೆಯದು ಅಥವಾ ಆಮೇಲೆ ಬಂದದ್ದು. ಹೀಗಾಗಿ ಮನೆಯಲ್ಲಿ ಹೆಣ್ಣುನಾಯಿ ಇದ್ದರೆ ಗಂಡುಮರಿ, ಗಂಡು ಇದ್ದರೆ ಹೆಣ್ಣುಮರಿ ತರುವುದು ಲೇಸು. ಆಗ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತನ್ನೂ ಕೂಡಲೇ ಪಶುವೈದ್ಯರ ಹತ್ತಿರ ಆಡಬೇಕು. ಇಲ್ಲವಾದರೆ ಹೆಣ್ಣು ಬೆದೆಗೆ ಬಂದಾಗ ಮನೆಯಲ್ಲಿ ಶಾಂತಿ ಇರುವುದಿಲ್ಲ, ಎರಡು ತಿಂಗಳ ನಂತರ ಆರೇಳು ಮರಿಗಳು ಇರುತ್ತವೆ. ಹನ್ನೊಂದು ವರ್ಷದ ಕೀಲುನೋವಿನ ಮುದಿನಾಯಿಗೆ ಎರಡು ತಿಂಗಳ ತುಂಟಮರಿಯನ್ನು ಜೊತೆ ಮಾಡುವುದು ಜೊತೆಯಲ್ಲ, ಶಿಕ್ಷೆ.

ಈಗ, ಮತ್ತೆ ಬರುತ್ತೇನೆಂದ ಮಾತಿಗೆ ಬರೋಣ. ಗಾತ್ರದ ಅಂತರ ಬಹಳವಾದಾಗ ಒಳ್ಳೆಯ ಸ್ನೇಹವೂ ಅಪಾಯಕ್ಕೆ ದಾರಿಯಾಗಬಹುದು. ಇಪ್ಪತ್ತೈದು ಕಿಲೋ ತೂಗುವ ನಾಯಿ ಆಟಕ್ಕೆಂದು ಕಾಲು ಹಾಕಿದರೂ ಮೂರು ಕಿಲೋದ ನಾಯಿಯ ಬೆನ್ನುಮೂಳೆ ತಡೆಯುವುದಿಲ್ಲ. ಕಣ್ಣಿನಿಂದ ಬೇಟೆಯಾಡುವ ನಾಯಿಯ ಜೊತೆ ಇನ್ನೊಂದು ಕಷ್ಟವಿದೆ. ಮನೆಯೊಳಗೆ ಒಟ್ಟಿಗೆ ಮಲಗುವ ಪುಟ್ಟ ನಾಯಿಯೇ ಬಯಲಿನಲ್ಲಿ ಕಿರುಚುತ್ತ ಓಡಿದಾಗ, ಒಂದು ಕ್ಷಣ, ಅದು ಗೆಳೆಯನಾಗಿ ಉಳಿಯದೆ ಮೊಲವಾಗಿಬಿಡಬಹುದು. ಇದರಲ್ಲಿ ಕೇಡುಬುದ್ಧಿಯಿಲ್ಲ, ಸಾವಿರ ವರ್ಷ ನಾವೇ ಆರಿಸಿ ಆರಿಸಿ ಬೆಳೆಸಿದ ಗುಣ ಅದು. ಇಂಥ ಜೋಡಿಯನ್ನು ಬಯಲಿನಲ್ಲಿ ಒಟ್ಟಿಗೆ ಬಿಚ್ಚಿಬಿಡಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಬೇರೆ ಬೇರೆ ಕೋಣೆಯಲ್ಲಿರಿಸಿ. ಅಂದಹಾಗೆ, ನಮ್ಮ ಊರುಗಳಲ್ಲಿ ಪೊಮೆರೇನಿಯನ್ ಎಂದು ಕರೆಯುವ ಬಿಳಿನಾಯಿಗಳಲ್ಲಿ ಬಹಳಷ್ಟು ನಿಜವಾಗಿ ಇಂಡಿಯನ್ ಸ್ಪಿಟ್ಜ್‌ಗಳು. ಅವು ಪೊಮೆರೇನಿಯನ್‌ಗಿಂತ ಸ್ವಲ್ಪ ದೊಡ್ಡವು, ಗಟ್ಟಿಮುಟ್ಟು, ಧೈರ್ಯವಂತೂ ಗಾತ್ರಕ್ಕೆ ಮೀರಿದ್ದು. ಜಗಳವನ್ನು ಶುರುಮಾಡುವುದು ಎಷ್ಟೋ ಸಲ ಇವೇ.

ಜಗಳ ಹತ್ತಿಕೊಂಡರೆ ನಡುವೆ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಾಯಿ ಯಾರ ಕೈ ಎಂದು ನೋಡುವುದಿಲ್ಲ. ಒಂದು ಬಕೆಟ್ ನೀರು ಎರಚಿ, ಕಂಬಳಿ ಎಸೆಯಿರಿ, ನಡುವೆ ಕುರ್ಚಿಯನ್ನೋ ಹಲಗೆಯನ್ನೋ ತಳ್ಳಿರಿ. ಬಿಡಿಸಿದ ಮೇಲೆ ಅಂದೇ ರಾಜಿ ಮಾಡಿಸಲು ಹೋಗಬೇಡಿ. ಆಕಸ್ಮಾತ್ ನಿಮಗೆ ಹಲ್ಲು ತಾಗಿದರೆ, ನಾಯಿ ಮನೆಯದೇ ಆಗಿರಲಿ, ಗಾಯವನ್ನು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅಮ್ಮ ಬೈಯುತ್ತಾರೆಂದು ಮುಚ್ಚಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ಸಕಾಲದಲ್ಲಿ ಚುಚ್ಚುಮದ್ದು ತೆಗೆದುಕೊಂಡರೆ ಅದನ್ನು ತಡೆಯಬಹುದು.

ಎಷ್ಟು ಕಾಲ ಕಾದು ನೋಡಬೇಕು? ಕೆಲವು ಜೋಡಿಗಳು ಎರಡೇ ದಿನದಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತವೆ. ಕೆಲವಕ್ಕೆ ಎರಡು ಮೂರು ತಿಂಗಳು ಬೇಕು. ಕೆಲವು ಎಂದೂ ಗೆಳೆಯರಾಗುವುದಿಲ್ಲ, ಆದರೆ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಅಪರಿಚಿತರಂತೆ ತಂಟೆಯಿಲ್ಲದೆ ಬಾಳುತ್ತವೆ. ಅದೂ ಒಳ್ಳೆಯ ಬಾಳೇ. ಗಾಯವಾಗುವಂತೆ ಮತ್ತೆ ಮತ್ತೆ ಕಚ್ಚಾಡುವ ಜೋಡಿಯನ್ನು ಮಾತ್ರ ಪಶುವೈದ್ಯರಿಗೆ ತೋರಿಸಬೇಕು; ಎಷ್ಟೋ ಸಲ ಕಾಣದ ಕಿವಿನೋವೋ ಸೊಂಟನೋವೋ ಸಿಡುಕಿಗೆ ಕಾರಣವಾಗಿರುತ್ತದೆ. ಅದರಿಂದಲೂ ಆಗದಿದ್ದರೆ ಒಂದಕ್ಕೆ ಬೇರೆ ಮನೆ ಹುಡುಕಿ. ಗೊತ್ತಿರುವ ಮನೆ, ಒಪ್ಪಿಕೊಂಡು ಕರೆದುಕೊಂಡುಹೋಗುವ ಮನೆ. ಸಾಕಿದ ಪ್ರಾಣಿಯನ್ನು ಅನಾಥವಾಗಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಭಿನ್ನ ತಳಿಯ ನಾಯಿಗಳ ನಡುವೆ ನಿಜವಾದ ನಂಟು ಬೆಳೆಯುತ್ತದೆಯೇ ಎಂದು ನೀವು ಕೇಳಬಹುದು. ನಂಟು ಇದ್ದದ್ದು ಎಷ್ಟೋ ಸಲ ಒಂದು ತೀರಿಕೊಂಡ ಮೇಲೆ ಗೊತ್ತಾಗುತ್ತದೆ. ಇಟಲಿಯ ವಿಜ್ಞಾನಿಗಳು 2022ರಲ್ಲಿ, ಜೊತೆಯ ನಾಯಿಯನ್ನು ಕಳೆದುಕೊಂಡ ನಾಯಿಗಳ ಬಗ್ಗೆ 426 ಮಂದಿ ಸಾಕಿದವರನ್ನು ಕೇಳಿದರು. ಅವರಲ್ಲಿ ಶೇಕಡ 86 ಮಂದಿ ಉಳಿದ ನಾಯಿಯ ನಡವಳಿಕೆ ಬದಲಾದುದನ್ನು ಕಂಡಿದ್ದರು. ಆಟ ಕಡಿಮೆ, ನಿದ್ದೆ ಹೆಚ್ಚು, ಊಟ ಕಡಿಮೆ, ಒಡೆಯನ ಹಿಂದೆ ಹಿಂದೆಯೇ ಸುತ್ತುವುದು. ಇದು ಸಾಕಿದವರ ಕಣ್ಣಿಗೆ ಕಂಡದ್ದು ಎಂಬುದನ್ನು ಮರೆಯಬಾರದು, ಅವರೂ ದುಃಖದಲ್ಲಿದ್ದವರೇ. ಆದರೂ ಒಂದು ಸಂಗತಿ ಗಮನಾರ್ಹ. ಎರಡು ನಾಯಿಗಳು ಎಷ್ಟು ವರ್ಷ ಜೊತೆಗಿದ್ದವು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಅವು ಸ್ನೇಹದಿಂದ ಇದ್ದವೇ, ಒಂದರ ಊಟ ಒಂದು ಹಂಚಿಕೊಳ್ಳುತ್ತಿದ್ದವೇ ಎಂಬುದು ಬಂತು. ಅಂಥ ದಿನಗಳಲ್ಲಿ ಉಳಿದ ನಾಯಿಯನ್ನು ಎಂದಿನ ಹೊತ್ತಿಗೇ ತಿರುಗಾಡಲು ಕರೆದುಕೊಂಡು ಹೋಗಿ, ಎಂದಿನ ಜಾಗದಲ್ಲೇ ಊಟ ಹಾಕಿ. ಹೋದ ನಾಯಿಯ ಗೋಣಿತಟ್ಟನ್ನು ಕೂಡಲೇ ಒಗೆಯಲು ಹಾಕಬೇಡಿ. ಕೆಲವು ನಾಯಿಗಳು ವಾರಗಟ್ಟಲೆ ಅದರ ಮೇಲೆಯೇ ಮಲಗುತ್ತವೆ.